ಹನ್ನೊಂದು ಮಂದಿ ಯುವಜನರಿಗೆ ವಯಸ್ಸಾಗದಂತೆ ನೋಡಿಕೊಳ್ಳುವ ಬಗ್ಗೆ

ಸಂಖ್ಯೆ: ಸಂಶಾ/ಯುವ-ಹವಾ/೨೨/ತಿದ್ದುಪಡಿಯ ತಿದ್ದುಪಡಿ-೬
ದಿನಾಂಕ: ಈ ತಿಂಗಳ ೩೦

ಸುತ್ತೋಲೆ

ವಿಷಯ: 'ಹವಾಮಾನ ಬದಲಾವಣೆ, ಸುಸ್ಥಿರತೆ ಮತ್ತು ಯುವಜನರು' ಯೋಜನೆಯಲ್ಲಿ ನೋಂದಾಯಿತರಾದ ಯುವಜನರು ಇಲಾಖೆಯ ಪೂರ್ವಾನುಮತಿ ಪಡೆಯದೆ ನಡುವಯಸ್ಸಿಗೆ ಬಂದಿರುವ ಕುರಿತು.

ಉಲ್ಲೇಖ:
(ಅ) ಇಪ್ಪತ್ತೆರಡು ವರ್ಷಗಳ ಹಿಂದಿನ ಮಂಜೂರಾತಿ ಆದೇಶ ಹಾಗೂ ಅದರ ಅನುಬಂಧ-೨.
(ಆ) ತಪಾಸಣಾಧಿಕಾರಿಗಳ ಟಿಪ್ಪಣಿ: "ಯುವಜನರ ತಲೆ ನೆರೆತಿದೆ. ವಿವರಣೆ ಕೇಳಿ."
(ಇ) ಸಂಶೋಧಕಿಯವರ ಹದಿನೇಳು ಪತ್ರಗಳು (ಸ್ವೀಕರಿಸಲಾಗಿದೆ, ಓದಲಾಗಿಲ್ಲ).

ಪ್ರಸ್ತಾವನೆ:

ಈ ಕಚೇರಿಯ ಮೂರನೇ ಮಹಡಿಯಲ್ಲಿ, ಮಧ್ಯಾಹ್ನದ ಬಿಸಿಲು ನೇರವಾಗಿ ಮೇಜಿನ ಮೇಲೇ ಬಂದು ಕೂರುವ ಕೊಠಡಿಯಲ್ಲಿ ಕೆಲಸ ಮಾಡುತ್ತಿರುವ ರಾಜ್ಯಶಾಸ್ತ್ರಜ್ಞೆಯವರು (ಇನ್ನು ಮುಂದೆ 'ಸಂಶೋಧಕಿ') ಇಪ್ಪತ್ತೆರಡು ವರ್ಷಗಳಿಂದ ಒಂದೇ ಸಂಶೋಧನೆಯ ಬೆನ್ನು ಬಿದ್ದಿರುತ್ತಾರೆ. ಭೂಮಿ ಬಿಸಿಯಾಗುತ್ತಿದೆ ಎಂದು ತಿಳಿದ ಎಳೆಯರು ಆಳುವವರಿಂದ ಏನನ್ನು ನಿರೀಕ್ಷಿಸುತ್ತಾರೆ, ಆ ನಿರೀಕ್ಷೆ ಎಷ್ಟು ಕಾಲ ಬಾಳುತ್ತದೆ ಎಂಬುದು ಅವರ ವಿಷಯ. ಇದಕ್ಕಾಗಿ ಹದಿನೆಂಟರಿಂದ ಇಪ್ಪತ್ನಾಲ್ಕು ವಯಸ್ಸಿನ ಹನ್ನೊಂದು ಮಂದಿಯನ್ನು ಆರಿಸಿಕೊಂಡು, ವರ್ಷಕ್ಕೊಮ್ಮೆ ಅವರವರು ದುಡಿಯುವ ಜಾಗಕ್ಕೇ ಹೋಗಿ, ಒಂದಿಷ್ಟು ಪ್ರಶ್ನೆ ಕೇಳಿ, ಕೊನೆಗೆ ಪ್ರತಿವರ್ಷವೂ ಇದೊಂದನ್ನು ತಪ್ಪದೆ ಕೇಳಿರುತ್ತಾರೆ: "ಈ ವರ್ಷ ನಿಮ್ಮ ಮಾತನ್ನು ಯಾರಾದರೂ ಕೇಳಿದರೇ?"

ಯೋಜನೆ ಇದ್ದದ್ದು ಮೂರು ವರ್ಷಕ್ಕೆ. ವರದಿ ಸಿದ್ಧವಾಗುವ ಹೊತ್ತಿಗೆ ಅಂದಿನ ನಿರ್ದೇಶಕರಿಗೆ ವರ್ಗಾವಣೆಯಾಯಿತು. ಹೊಸದಾಗಿ ಬಂದವರು ಕಡತದ ಮೇಲೆ 'ಇನ್ನೊಂದು ವರ್ಷ ನೋಡೋಣ' ಎಂದು ಬರೆದರು. ಅವರ ನಂತರ ಬಂದ ಹದಿಮೂರು ನಿರ್ದೇಶಕರೂ ಹಿಂದಿನವರ ಬರಹಕ್ಕೆ ಧಕ್ಕೆ ತರಬಾರದೆಂಬ ಸೌಜನ್ಯದಿಂದ ಅದನ್ನೇ ಬರೆದು ವರ್ಗವಾಗಿ ಹೋಗಿರುತ್ತಾರೆ. ಸಂಶೋಧಕಿ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ.

ಈ ನಡುವೆ ಒಂದು ಕೈತಪ್ಪು ಬೆಳಕಿಗೆ ಬಂದಿರುತ್ತದೆ. ಮೂಲ ಆದೇಶದ ಅನುಬಂಧ-೨ರಲ್ಲಿ ವಯಸ್ಸಿನ ಕಲಂ ಇರಬೇಕಿತ್ತು. ಆದರೆ ಪಟ್ಟಿ ಹಾಳೆಯ ಅಗಲಕ್ಕೆ ಹಿಡಿಯಲಿಲ್ಲವಾಗಿ ಅಂದಿನ ಬೆರಳಚ್ಚುಗಾರರು ಆ ಕಲಮನ್ನು ಕೈಬಿಟ್ಟು, 'ಯುವಜನರು ಎಂದರೆ ಈ ಪಟ್ಟಿಯಲ್ಲಿರುವವರು' ಎಂದು ಬೆರಳಚ್ಚಿಸಿ, ಊಟಕ್ಕೆ ಹೋಗಿರುತ್ತಾರೆ. ಆದ್ದರಿಂದ ಸದರಿ ಹನ್ನೊಂದು ಮಂದಿ ಕಾನೂನಿನ ಪ್ರಕಾರ ಇಂದಿಗೂ ಯುವಜನರು. ಆದರೆ ಕಳೆದ ತಿಂಗಳ ತಪಾಸಣೆಯಲ್ಲಿ ಒಬ್ಬ ಯುವ ದರ್ಜಿ ಸೂಜಿಗೆ ದಾರ ಪೋಣಿಸಲು ಹಾದುಹೋಗುವವರನ್ನು ಕರೆಯುತ್ತಿದ್ದುದು, ಯುವ ದಾದಿಯೊಬ್ಬರ ಮಗ ತಪಾಸಣಾಧಿಕಾರಿಗಿಂತ ಒಂದು ಗೇಣು ಎತ್ತರವಿದ್ದುದು, ಹಾಗೂ ಯುವ ಬಸ್ ಚಾಲಕರೊಬ್ಬರು ಮೊಮ್ಮಗುವನ್ನು ಹೆಗಲ ಮೇಲೆ ಹೊತ್ತು ಹೇಳಿಕೆ ನೀಡಿದ್ದು ಕಂಡುಬಂದಿರುತ್ತದೆ.

ಸಂಶೋಧಕಿ ಈ ತಿಂಗಳ ೩೧ರಂದು ನಿವೃತ್ತರಾಗಲಿದ್ದಾರೆ. ವರದಿ ಅಂಗೀಕಾರವಾಗಬೇಕಾದರೆ, 'ಯುವಜನರು ಮೊದಲಿನಿಂದ ಕೊನೆಯವರೆಗೂ ಯುವಜನರಾಗಿಯೇ ಇದ್ದರು' ಎಂಬ ಪ್ರಮಾಣಪತ್ರಕ್ಕೆ ಅಂದು ಸಂಜೆ ಐದರೊಳಗೆ ಅವರು ಸಹಿ ಮಾಡಬೇಕು. ಮಾಡದಿದ್ದರೆ ಇಪ್ಪತ್ತೆರಡು ವರ್ಷದ ಉತ್ತರಗಳಿರುವ ಎರಡು ಪೆಟ್ಟಿಗೆಗಳನ್ನು ರದ್ದಿ ಗಿರಣಿಗೆ ಕಳುಹಿಸಲಾಗುವುದು. ಸಂಶೋಧಕಿಗೆ ಸಹಿ ಹಾಕಲು ಕೈ ಬರುತ್ತಿಲ್ಲ. ವರದಿಯ ಒಂಬತ್ತನೇ ಅಧ್ಯಾಯ ಇರುವುದೇ ಇವರಿಗೆ ಹೇಗೆ ವಯಸ್ಸಾಯಿತು ಎಂಬುದರ ಮೇಲೆ, ಮೊದಲ ವರ್ಷ ನಾಲ್ಕು ಪುಟ ಮಾತಾಡಿದವರು ಇಪ್ಪತ್ತನೇ ವರ್ಷಕ್ಕೆ ಬರೀ ತಲೆ ಅಲ್ಲಾಡಿಸಿದ್ದಾರೆ, ಅದನ್ನು ಅಳಿಸಿದರೆ ತಾನು ಮಾಡಿದ್ದು ಏನು ಉಳಿಯಿತು ಎಂದು ಅವರು ಮೇಲ್ಕಂಡ ಹದಿನೇಳು ಪತ್ರಗಳಲ್ಲಿ ಬರೆದಿರುವುದಾಗಿ, ಅವನ್ನು ಓದಿರದ ಕಾರಣ, ಅವರ ಬಾಯಿಂದಲೇ ಕೇಳಿ ತಿಳಿಯಲಾಗಿದೆ.

ಸಂಶೋಧಕಿಯವರ ಆತ್ಮಸಾಕ್ಷಿಗೆ ನೋವಾಗಬಾರದೆಂಬ ಸದುದ್ದೇಶದಿಂದ, ಪ್ರಮಾಣಪತ್ರವನ್ನು ತಿದ್ದುವ ಬದಲು ಯುವಜನರನ್ನೇ ತಿದ್ದಲು ಇಲಾಖೆ ತೀರ್ಮಾನಿಸಿದ್ದು, ಸಂಬಂಧಪಟ್ಟ ಎಲ್ಲರೂ ಕೆಳಕಂಡ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೧. ಅನುಬಂಧ-೨ರಲ್ಲಿರುವವರು ಮುಂದಿನ ಆದೇಶದವರೆಗೆ ಯುವಜನರಾಗಿ ಮುಂದುವರಿಯತಕ್ಕದ್ದು. ನಡುವಯಸ್ಸಿಗೆ ಬರಲಿಚ್ಛಿಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿ ಇತ್ಯರ್ಥವಾಗಲು ತಗಲುವ ಅವಧಿಯಲ್ಲಿ ವಯಸ್ಸಾಗುವಂತಿಲ್ಲ.

೨. ಸಂದರ್ಶನದ ವೇಳೆ ಕಂಡುಬರುವ ಬಿಳಿಕೂದಲನ್ನು 'ಸುಣ್ಣ ತಾಗಿದೆ' ಎಂದು ನಮೂದಿಸುವುದು. ಕೂದಲೇ ಇಲ್ಲದಿದ್ದಲ್ಲಿ 'ಅಂದು ಗಾಳಿ ಜೋರಾಗಿತ್ತು' ಎಂದು ನಮೂದಿಸುವುದು. ಗಾಳಿಗೆ ಸಾಕ್ಷಿಯಾಗಿ ಇಬ್ಬರ ಸಹಿ ಪಡೆಯುವುದು.

೩. ಕುರ್ಚಿಯಿಂದ ಏಳುವಾಗ ಯುವಜನರು 'ಅಮ್ಮಾ', 'ಅಯ್ಯೋ' ಅಥವಾ ಅರ್ಥವಿಲ್ಲದ ಇತರೆ ಶಬ್ದ ಹೊರಡಿಸುವುದನ್ನು ನಿಷೇಧಿಸಲಾಗಿದೆ. ಮಂಡಿ ತಾನಾಗಿ ಶಬ್ದ ಮಾಡಿದಲ್ಲಿ ಅದು ಕುರ್ಚಿಯ ಶಬ್ದವೆಂದು ಪರಿಗಣಿಸಿ, ಕುರ್ಚಿಯನ್ನು ದುರಸ್ತಿಗೆ ಕಳುಹಿಸಲಾಗುವುದು. 'ನಮ್ಮ ಕಾಲದಲ್ಲಿ' ಎಂದು ಯಾರೂ ಮಾತು ಆರಂಭಿಸುವಂತಿಲ್ಲ. ನಿಮ್ಮ ಕಾಲ ಇನ್ನೂ ನಡೆಯುತ್ತಿದೆ.

೪. ಸಂದರ್ಶನ ಮುಗಿಯುವವರೆಗೆ ಯುವಜನರ ಮಕ್ಕಳು ತಮ್ಮ ತಂದೆಯನ್ನು 'ಅಣ್ಣ' ಎಂತಲೂ ತಾಯಿಯನ್ನು 'ಅಕ್ಕ' ಎಂತಲೂ ಕರೆಯತಕ್ಕದ್ದು. ಮೊದಲಿನಿಂದಲೂ ತಂದೆಯನ್ನು ಅಣ್ಣ ಎಂದೇ ಕರೆಯುವ ಮನೆಗಳವರು ಬೇರೇನಾದರೂ ಕರೆದುಕೊಳ್ಳಬಹುದು, ಅದರಲ್ಲಿ ಇಲಾಖೆ ಕೈ ಹಾಕುವುದಿಲ್ಲ. ಬಸ್ ಚಾಲಕರ ಮೊಮ್ಮಗುವಿಗೆ ಇನ್ನೂ ಮಾತು ಬಂದಿರುವುದಿಲ್ಲವೆಂದು ವರದಿಯಾಗಿದ್ದು, ಆ ಮಗು ಸದ್ಯಕ್ಕೆ ಹಾಗೆಯೇ ಇರುವುದು.

೫. ಯುವಜನರ ವಯಸ್ಸನ್ನು ಮಂಜೂರಾತಿ ವರ್ಷಕ್ಕೆ ನಿಲ್ಲಿಸಿ, ಉಷ್ಣಾಂಶವನ್ನು ಮಾತ್ರ ಅದರ ಪಾಡಿಗೆ ಏರಲು ಬಿಡುವುದು ಸಹಜ ನ್ಯಾಯಕ್ಕೆ ವಿರುದ್ಧ. ಆದ್ದರಿಂದ ಉಷ್ಣಾಂಶವನ್ನೂ ಮಂಜೂರಾತಿ ವರ್ಷದ ಬೇಸಿಗೆಯ ೩೧ ಡಿಗ್ರಿಗೆ ಸ್ಥಿರಗೊಳಿಸಲಾಗಿದೆ. ಸಂಶೋಧಕಿ ಕಿಟಕಿಯ ಪಕ್ಕ ನೇತುಹಾಕಿರುವ ಉಷ್ಣಮಾಪಕವನ್ನು ಗೋಡೆಯ ಕಡೆಗೆ ತಿರುಗಿಸಿಡುವುದು. ಬೆವರುವುದು ಆಯಾ ನೌಕರರ ಖಾಸಗಿ ವಿಚಾರ. ಬಿಸಿಲು ಸರಿದಂತೆ ಸಂಶೋಧಕಿ ಮೇಜನ್ನೂ ಸರಿಸುತ್ತ ಮಧ್ಯಾಹ್ನ ಮೂರರ ಹೊತ್ತಿಗೆ ಬೀರುವಿನ ಹಿಂದೆ ಕುಳಿತಿರುತ್ತಾರೆಂದು ದೂರು ಬಂದಿದೆ. ಪೀಠೋಪಕರಣ ವಹಿಯ ಪ್ರಕಾರ ಸದರಿ ಮೇಜು ಕಿಟಕಿಯ ಬಳಿ ಇರುವುದರಿಂದ, ಬೀರುವಿನ ಹಿಂದೆ ಕುಳಿತವರು ಗೈರುಹಾಜರೆಂದು ಪರಿಗಣಿಸಲ್ಪಡುತ್ತಾರೆ.

೬. ಸುಸ್ಥಿರತೆಯ ಹಿತದೃಷ್ಟಿಯಿಂದ ಪ್ರತಿವರ್ಷ ಹೊಸ ಪ್ರಶ್ನಾವಳಿ ಅಚ್ಚು ಹಾಕಿಸದೆ, ಹಿಂದಿನ ವರ್ಷದ ಉತ್ತರಗಳನ್ನು ರಬ್ಬರಿನಿಂದ ಅಳಿಸಿ ಅದೇ ಹಾಳೆಗಳಲ್ಲಿ ಬರೆಯಬೇಕೆಂದು ಹಿಂದೆಯೇ ಸೂಚಿಸಲಾಗಿತ್ತು. ಸಂಶೋಧಕಿ ಇದನ್ನು ಕಿವಿಗೆ ಹಾಕಿಕೊಳ್ಳದೆ, ಮಗಳ ಹಳೆಯ ಶಾಲಾ ಪುಸ್ತಕಗಳಲ್ಲಿ ಒಂದು ಬದಿಯಾದರೂ ಖಾಲಿ ಉಳಿದ ಹಾಳೆಗಳನ್ನು ಹರಿದು ಹೊಲಿದು ಬಳಸಿರುತ್ತಾರೆ. ಇದರಿಂದಾಗಿ ಹನ್ನೊಂದನೇ ವರ್ಷದ ಉತ್ತರಗಳ ಹಿಂಬದಿಯಲ್ಲಿ ಆರರ ಮಗ್ಗಿ ಕಾಣಿಸುತ್ತಿದ್ದು, ಅದರಲ್ಲಿ ಎರಡು ತಪ್ಪುಗಳಿವೆ.

೭. ಸದರಿ ಮಗಳಿಗೆ ಈಗ ಹತ್ತೊಂಬತ್ತು ವರ್ಷ. ಅನುಬಂಧ-೨ರಲ್ಲಿ ಹೆಸರಿಲ್ಲದ ಕಾರಣ ಅವರು ಯುವಜನರಲ್ಲ. ತಾಯಿಗೆ ಊಟದ ಡಬ್ಬಿ ಕೊಡಲು ಬಂದಾಗ ಎರಡೆರಡು ಮೆಟ್ಟಿಲು ಹಾರಿ ಹತ್ತುವುದು, ಮೊಗಸಾಲೆಯಲ್ಲಿ ಗಟ್ಟಿಯಾಗಿ ನಗುವುದು ಮುಂತಾದ ವರ್ತನೆಗಳಿಂದ ಅನುಬಂಧದ ನೈಜ ಯುವಜನರ ಮನೋಸ್ಥೈರ್ಯ ಕುಗ್ಗುವ ಸಂಭವವಿರುತ್ತದೆ. ಅವರು ಇನ್ನು ಮುಂದೆ ಕಂಬಿ ಹಿಡಿದು, ಉಸ್ಸಪ್ಪಾ ಎನ್ನುತ್ತ ಹತ್ತತಕ್ಕದ್ದು.

೮. ಮೇಲ್ಕಂಡ ನಿಯಮಗಳ ಪಾಲನೆಯನ್ನು ಪರಿಶೀಲಿಸಲು, ಈ ಸುತ್ತೋಲೆಯ ಕರಡು ಸಿದ್ಧಪಡಿಸುತ್ತಿರುವ ಶಾಖಾಧೀಕ್ಷಕರನ್ನೇ ನೇಮಿಸಲಾಯಿತು. ಅವರು ಸಂಶೋಧಕಿಯವರ ಕೊಠಡಿಯಲ್ಲಿ, ಬೀರುವಿನ ಹಿಂದೆ, ಎರಡು ದಿನ ಕುಳಿತು ಪೆಟ್ಟಿಗೆಗಳನ್ನು ನೋಡಿರುತ್ತಾರೆ. ಹನ್ನೊಂದರಲ್ಲಿ ಹತ್ತು ಮಂದಿ ಎಲ್ಲ ನಿಯಮಗಳನ್ನೂ ಗಾಳಿಗೆ ತೂರಿದ್ದು ಸಾಬೀತಾಗಿದೆ. ಕ್ರಮಸಂಖ್ಯೆ ಒಂಬತ್ತು ಮಾತ್ರ ಪ್ರತಿಯೊಂದನ್ನೂ ಪಾಲಿಸಿರುತ್ತಾರೆ. ಅವರ ಕೂದಲು ಕಪ್ಪು. ಕನ್ನಡಕವಿಲ್ಲ. ಏಳುವಾಗ ಶಬ್ದವಿಲ್ಲ. ಎಂಟು ವರ್ಷಗಳಿಂದ ಅವರ ವಯಸ್ಸು ಮೂವತ್ತನಾಲ್ಕಕ್ಕೇ ನಿಂತಿರುತ್ತದೆ.

೯. ಕ್ರಮಸಂಖ್ಯೆ ಒಂಬತ್ತು ರಸ್ತೆಗೆ ಡಾಂಬರು ಹಾಕುವ ಕೆಲಸದವರು. ಹದಿನಾಲ್ಕನೇ ವರ್ಷದ ಸಂದರ್ಶನವಾದ ಒಂಬತ್ತು ದಿನಕ್ಕೆ, ಮಧ್ಯಾಹ್ನ ಒಂದೂವರೆಗೆ, ಕೆಲಸ ಮಾಡುತ್ತಲೇ ಬಿಸಿಲಿಗೆ ಕುಸಿದು ತೀರಿಕೊಂಡರು. ಅಂದಿನ ಅಧಿಕೃತ ಉಷ್ಣಾಂಶ ೩೧ ಡಿಗ್ರಿ. ಯಾರಾದರೂ ನಿಮ್ಮ ಮಾತು ಕೇಳಿದರೇ ಎಂಬ ಪ್ರಶ್ನೆಗೆ ಅವರು ಕೊಟ್ಟ ಕೊನೆಯ ಉತ್ತರವನ್ನು ಸಂಶೋಧಕಿ ತಮ್ಮ ಕೈಬರಹದಲ್ಲಿ ಹೀಗೆ ದಾಖಲಿಸಿರುತ್ತಾರೆ: "ಕೇಳಿದ್ರು ಮೇಡಂ. ಹನ್ನೆರಡರ ಮೇಲೆ ಬಿಸಿಲಲ್ಲಿ ಕೆಲಸ ಬೇಡ ಅಂತ ನಾನೇ ಹೋಗಿ ಹೇಳ್ದೆ. ಮೇಸ್ತ್ರಿ ಆಯ್ತು ಅಂದ್ರು. ಮುಂದಿನ ವರ್ಷದಿಂದ ಅಂತೆ." ಈ ಹಾಳೆಯನ್ನು ಓದಿದ ಮೇಲೆ ಶಾಖಾಧೀಕ್ಷಕರು ಅವರ ಉಳಿದ ಹದಿಮೂರು ವರ್ಷದ ಹಾಳೆಗಳನ್ನೂ ಪೆಟ್ಟಿಗೆಯಿಂದ ಹುಡುಕಿ ತೆಗೆದು ಓದಿ, ಆಮೇಲೆ ಕರಡನ್ನು ಮುಂದುವರಿಸಿದರು. ವಿಳಂಬಕ್ಕಾಗಿ ವಿಷಾದಿಸಲಾಗಿದೆ.

೧೦. ಎಲ್ಲ ನಿಯಮ ಪಾಲಿಸಿದ ಏಕೈಕ ಯುವಕರಾದ ಕ್ರಮಸಂಖ್ಯೆ ಒಂಬತ್ತಕ್ಕೆ ಪ್ರಶಂಸಾಪತ್ರ ನೀಡುವುದು, ಅವರೊಬ್ಬರ ಮಟ್ಟಿಗಾದರೂ ಸಂಶೋಧಕಿ ಪ್ರಮಾಣಪತ್ರಕ್ಕೆ ಸಹಿ ಮಾಡುವುದು, ಉಳಿದ ಹತ್ತು ಮಂದಿಯನ್ನು ಅದರಲ್ಲೇ ಸೇರಿಸಿಕೊಂಡು ಕೈ ತೊಳೆದುಕೊಳ್ಳುವುದು ಎಂದು ನಿರ್ದೇಶಕರು ಮೌಖಿಕವಾಗಿ ಆದೇಶಿಸಿದರು. ಇದನ್ನು ತಿಳಿಸಲು ಶಾಖಾಧೀಕ್ಷಕರು ಹೋದಾಗ ಸಂಶೋಧಕಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಯಾರ ಮೇಲೂ ರೇಗದೆ ಹೇಳಿದ್ದು: "ಅವನು ಹುಡುಗನಾಗೇ ಉಳಿದುಬಿಟ್ಟ ಸರ್. ಉಳಿದವರಿಗಾದ್ರೂ ವಯಸ್ಸಾಗಿದೆ ಅಂತ ಬರೀರಿ. ಅಷ್ಟಾದ್ರೂ ಅವರಿಗೆ ಸಿಗಲಿ." ಪ್ರಮಾಣಪತ್ರ ಸಹಿಯಿಲ್ಲದೆ ವಾಪಸು ಬಂದಿರುತ್ತದೆ. ಆದಕಾರಣ ನಾಳೆ ಸಂಜೆ ಐದಕ್ಕೆ ವರದಿಯನ್ನೂ ಎರಡು ಪೆಟ್ಟಿಗೆಗಳನ್ನೂ ರದ್ದಿ ಗಿರಣಿಯ ಲಾರಿಗೆ ಹಾಕತಕ್ಕದ್ದು. ಇದರಲ್ಲಿ ಬದಲಾವಣೆಯಿಲ್ಲ.

೧೧. ಕಚೇರಿ ಕೈಪಿಡಿಯ ಪ್ರಕಾರ ವರದಿಗಳನ್ನು ನಾಶಪಡಿಸಬಹುದು, ಉತ್ತರ ಪತ್ರಿಕೆಗಳನ್ನು ನಾಶಪಡಿಸಬಹುದು, ಓದದ ಪತ್ರಗಳನ್ನು ಧಾರಾಳವಾಗಿ ನಾಶಪಡಿಸಬಹುದು. ಹೊರಡಿಸಿದ ಸುತ್ತೋಲೆಯನ್ನಾಗಲೀ ಅದಕ್ಕೆ ಲಗತ್ತಿಸಿದ ಕಾಗದಗಳನ್ನಾಗಲೀ ನಾಶಪಡಿಸಲು ಯಾರಿಗೂ ಅಧಿಕಾರವಿಲ್ಲ. ಅವನ್ನು ಇಲಾಖೆ ಇರುವವರೆಗೂ ಕಾಪಾಡಬೇಕು, ಹಾಗೂ ಪ್ರತಿಯೊಬ್ಬ ನೌಕರರೂ ಪೂರ್ತಿ ಓದಿ, ಪ್ರತಿ ಪುಟಕ್ಕೆ ಸಹಿ ಮಾಡಬೇಕು. ಆದುದರಿಂದ ಈ ಸುತ್ತೋಲೆಗೆ, ವಿಷಯ ಸ್ಪಷ್ಟವಾಗಲೆಂಬ ಕಾರಣಕ್ಕೆ, ಸಂಶೋಧಕಿಯವರ ಒಂಬತ್ತನೇ ಅಧ್ಯಾಯವನ್ನೂ, ಹನ್ನೊಂದು ಮಂದಿಯ ಇಪ್ಪತ್ತೆರಡು ವರ್ಷದ ಎಲ್ಲ ಉತ್ತರಗಳನ್ನೂ ಲಗತ್ತಿಸಲಾಗಿದೆ. ಒಟ್ಟು ಆರುನೂರ ನಲವತ್ತು ಪುಟ. ನಾಳೆ ಲಾರಿಗೆ ಹಾಕುವ ಪೆಟ್ಟಿಗೆಗಳು ಹಗುರವಾಗಿರುತ್ತವೆ, ಕೂಲಿಯವರು ಗಾಬರಿಯಾಗಬಾರದು.

೧೨. ಸುತ್ತೋಲೆಗಳನ್ನು ಮೊದಲ ಪುಟದಾಚೆಗೆ ಓದದೆ ಸಹಿ ಹಾಕುವುದು ಈ ಕಚೇರಿಯಲ್ಲಿ ಮೊದಲಿನಿಂದ ಬಂದ ಪದ್ಧತಿ. ನಿರ್ದೇಶಕರು ಇಂದೂ ಆ ಪದ್ಧತಿಯನ್ನು ಮುರಿದಿರುವುದಿಲ್ಲ. ಅವರಿಗೆ ಇಲಾಖೆ ಋಣಿಯಾಗಿದೆ.

೧೩. ಈ ಸುತ್ತೋಲೆಯನ್ನು ಹಿಂಪಡೆಯಬೇಕಾದಲ್ಲಿ, ಹಿಂಪಡೆಯುವವರು ಮೊದಲು ಅದನ್ನು ಲಗತ್ತುಗಳ ಸಮೇತ ಪೂರ್ತಿ ಓದಿರಬೇಕು.

ನಿರ್ದೇಶಕರ ಅನುಮೋದನೆಯ ಮೇರೆಗೆ,

(ಸಹಿ)
ಶಾಖಾಧೀಕ್ಷಕರು, ಸಂಶೋಧನಾ ಶಾಖೆ

ಪ್ರತಿಗಳು:
೧. ಎಲ್ಲ ಶಾಖೆಗಳ ನೌಕರರಿಗೆ, ಓದಿ ಪ್ರತಿ ಪುಟಕ್ಕೆ ಸಹಿ ಮಾಡಲು. ಇಂತಿಷ್ಟೇ ದಿನವೆಂಬ ಕಟ್ಟುಪಾಡಿಲ್ಲ, ಆದರೆ ಮುಂದಿನ ವರ್ಷಕ್ಕೆ ಎಂದು ಎತ್ತಿಡುವಂತಿಲ್ಲ.
೨. ತಪಾಸಣಾಧಿಕಾರಿಗಳಿಗೆ, ಅವರು ಕೇಳಿದ ವಿವರಣೆಯಾಗಿ.
೩. ಪೀಠೋಪಕರಣ ವಹಿಯ ಗುಮಾಸ್ತರಿಗೆ, ಮೇಜು ನಿಜವಾಗಿ ಎಲ್ಲಿದೆ ಎಂದು ಒಮ್ಮೆ ಹೋಗಿ ನೋಡಿ ಬರಲು.
೪. ಅನುಬಂಧ-೨ರ ಹತ್ತು ಮಂದಿಗೆ. ತಮಗೆ ವಯಸ್ಸಾಗಿದೆ ಎಂದು ಇಲಾಖೆಯ ಕಾಗದದಲ್ಲಿ ಅಚ್ಚಾಗಿರುವುದನ್ನು ಇವರು ಗಮನಿಸುವುದು.
೫. ಸಂಶೋಧಕಿಯವರ ಮಗಳಿಗೆ, ಆರರ ಮಗ್ಗಿಯ ಎರಡು ತಪ್ಪುಗಳನ್ನು ತಿದ್ದಿ ಕಳುಹಿಸಲು.
೬. ಕ್ರಮಸಂಖ್ಯೆ ಒಂಬತ್ತರವರ ತಾಯಿಗೆ. ಅವರಿಗೆ ಓದು ಬಾರದು. ಒಂದನೇ ತಾರೀಕಿನಿಂದ ಬಿಡುವಾಗಿರುವುದರಿಂದ ಸಂಶೋಧಕಿ ತಾವೇ ಹೋಗಿ, ಮಗ ಹದಿನಾಲ್ಕು ವರ್ಷ ಆಡಿದ ಮಾತುಗಳನ್ನೆಲ್ಲ ಅವರ ಪಕ್ಕ ಕುಳಿತು ಓದಿ ಹೇಳುವುದಾಗಿ ತಿಳಿಸಿರುತ್ತಾರೆ.