ನಮ್ಮ ಚರ್ಚಿನ ಪ್ರತಿಧ್ವನಿ

ವಿಜಾಪುರದಲ್ಲಿ ಹೊಸದಾಗಿ ಏನನ್ನಾದರೂ ಕಟ್ಟಿ ಜಂಬ ಪಡುವುದು ಬಹಳ ಕಷ್ಟ. ಎಷ್ಟೇ ಎತ್ತರಕ್ಕೆ ಕಟ್ಟಿ ಮೇಲೆ ಹತ್ತಿ ನಿಂತರೂ ಎದುರಿಗೆ ಗೋಳಗುಮ್ಮಟ ಕುಳಿತಿರುತ್ತದೆ. ಹಾಗಿದ್ದೂ ನಾನು ಜಂಬ ಪಟ್ಟವನು. ಅರವತ್ತರ ದಶಕದ ಆರಂಭದಲ್ಲಿ ಅಥಣಿ ರಸ್ತೆಯ ಬದಿಗೆ ನಮ್ಮ ಚರ್ಚು ಎದ್ದಾಗ, ಅದರ ಒಂದೊಂದು ಕಲ್ಲನ್ನೂ ನಾನೇ ಹೊತ್ತು ತಂದವನಂತೆ ಓಡಾಡಿದೆ. ನಿಜ ಹೇಳಬೇಕೆಂದರೆ ನಾನು ರೈಲ್ವೆ ಪಾರ್ಸಲ್ ಆಫೀಸಿನ ಗುಮಾಸ್ತ; ಹೊತ್ತದ್ದು ಛತ್ರಿ ಮಾತ್ರ. ಮನೆಗೆ ಯಾರು ಬಂದರೂ ಚಹಾ ಆರುವ ಮೊದಲೇ ಎಬ್ಬಿಸಿಕೊಂಡು ಹೋಗಿ ಕರಿಕಲ್ಲಿನ ಗೋಡೆ, ಪರಸಿ ಕಲ್ಲು ಹಾಸಿದ ಅಂಗಳ, ಬೇವಿನ ಗಿಡ, ಬಾವಿ ಎಲ್ಲ ತೋರಿಸುತ್ತಿದ್ದೆ. ಸವಳು ನೀರಿನ ನಮ್ಮೂರಲ್ಲಿ ಚರ್ಚಿನ ಬಾವಿಗೆ ಸಿಹಿನೀರು ಬಿದ್ದ ಮೇಲೆ ನಾನು ಸುಮ್ಮನಿರುವುದು ಸಾಧ್ಯವಿತ್ತೇ?

ಎಲ್ಲಕ್ಕೂ ಮಿಗಿಲಾದದ್ದು ಒಳಗಿನ ಪ್ರತಿಧ್ವನಿ. ಅದು ಬಬಲೇಶ್ವರದ ನಿಂಗಪ್ಪ ಮೇಸ್ತ್ರಿಯ ಕೈವಾಡ. ಮಂಗಳೂರು ಕಡೆಯ ನಮ್ಮ ಫಾದರರು ಛಾವಣಿಗೆ ಸಪಾಟಾದ ಛತ್ತು ಸಾಕೆಂದಿದ್ದರು. ಅವರು ಕಾಯಿಲೆಯಿಂದ ಬೇಸಿಗೆಯಿಡೀ ತಮ್ಮೂರಲ್ಲಿದ್ದು ಬರುವಷ್ಟರಲ್ಲಿ ಛತ್ತು ಗುಮ್ಮಟದಂತೆ ಗುಂಡಗಾಗಿತ್ತು.

“ಇದೇನಿದು ನಿಂಗಪ್ಪ?” ಎಂದರು ಫಾದರರು.

“ಯಪ್ಪಾ, ಇದು ವಿಜಾಪುರ ಐತ್ರಿ. ಇಲ್ಲಿ ಗುಡಿ ಕಟ್ಟಿದ ಮ್ಯಾಲ, ಕೂಗಿದ್ರ ಅದು ಓ ಅನಬೇಕ್ರಿ. ಇಲ್ಲಂದ್ರ ಮಂದಿ ಗೋದಾಮ ಅಂತಾರ್ರಿ!”

ಅದು ಓ ಎಂದಿತು, ಯಾರೂ ಕೂಗದಿದ್ದರೂ ಎಂದಿತು. ನಾವು ಇದ್ದದ್ದೇ ಕೆಲವು ಕುಟುಂಬಗಳು; ಬೆಂಚುಗಳೆಲ್ಲ ಖಾಲಿ. ಫಾದರರ ಉಪದೇಶದ ಒಂದು ಮಾತು ಮೇಲೆ ಹೋಗಿ ಸುತ್ತಾಡಿ ಬರುವಷ್ಟರಲ್ಲಿ ಇನ್ನೊಂದು ಹೊರಟಿರುತ್ತಿತ್ತು. ಎರಡೂ ನಡುದಾರಿಯಲ್ಲಿ ಡಿಕ್ಕಿ ಹೊಡೆದು ನಮ್ಮ ಕಿವಿಗೆ ಬರೀ ಗದ್ದಲ. ಪೂಜೆಯಲ್ಲಿ ನಾನು ಹಾಡುವ ಹಾಡಿಗೆ ಮಾತ್ರ ಆ ಛತ್ತು ವರವಾಗಿತ್ತು. ನನ್ನ ಧ್ವನಿ ಸಣ್ಣದು, ಅಲ್ಲಲ್ಲಿ ಒಡೆದದ್ದು. ಅಲ್ಲಿ ಹಾಡಿದರೆ ಹತ್ತು ಜನರ ಮೇಳದಂತೆ ತುಂಬಿ ಬಂದು ನನಗೇ ರೋಮಾಂಚನವಾಗುತ್ತಿತ್ತು.

ಹೀಗಿರುವಾಗ ಫಾದರರು ಪ್ರತಿಧ್ವನಿ ಅಡಗಲೆಂದು ಛತ್ತಿಗೆ ಗೋಣಿತಟ್ಟು ಬಡಿಸುತ್ತೇನೆಂದರು. ನಾನು ಅಡ್ಡ ಬಂದೆ.

“ತಟ್ಟು ಬಡದ್ರ ನಮ್ಮ ಮಾನ ಹೋಗತೈತ್ರಿ ಫಾದರ್. ಕ್ರಿಸ್‌ಮಸ್ಸಿಗೆ ಊರ ಮಂದೀನ ಕರಕೊಂಡು ಬರ್ತೇನಿ. ಅವರು ಕೇಳಿ ಮೆಚ್ಚಿದ್ರ ಹಂಗ ಬಿಡ್ರಿ.”

ಅವರು ನಕ್ಕು ಒಪ್ಪಿದರು.

ಗಾಂಧಿ ಚೌಕದ ಬೆಲ್ಲದ ವ್ಯಾಪಾರಿ ಮಲ್ಲಪ್ಪ ಸಾವಕಾರರು ಕುಟುಂಬಸಮೇತ ಬಂದರು. ತಿಕೋಟಾದಿಂದ ನನ್ನ ಹೆಂಡತಿಯ ತವರಿನ ಓಣಿಗೆ ಓಣಿಯೇ ಬಂತು. ನಿಂಗಪ್ಪ ತನ್ನ ಕೈಗುಣ ತೋರಿಸಲು ಬೀಗರನ್ನೆಲ್ಲ ಕರೆತಂದ. ಥಂಡಿಯ ಮುಂಜಾನೆ; ಕಂಬಳಿ, ಶಾಲು, ರುಮಾಲುಗಳಿಂದ ಚರ್ಚು ಕಿಕ್ಕಿರಿಯಿತು. ನಾನು ಎದ್ದು ನಿಂತು, ಕಣ್ಣು ಮುಚ್ಚಿ, ಧ್ವನಿಯನ್ನು ತಾರಕಕ್ಕೇರಿಸಿ ಪ್ರತಿಧ್ವನಿಗಾಗಿ ಕಾದೆ.

ಬರಲಿಲ್ಲ. ಅಷ್ಟೊಂದು ಮೈಗಳಲ್ಲಿ, ಕಂಬಳಿಗಳಲ್ಲಿ ಅದು ಇಂಗಿಹೋಗಿತ್ತು. ಕೇಳಿದ್ದು ನನ್ನ ಸ್ವಂತ ಧ್ವನಿ, ಯಾವ ಸಹಾಯವೂ ಇಲ್ಲದೆ. ಒಂದು ಕೂಸು ಬೆದರಿ ಅಳತೊಡಗಿತು. ಆಮೇಲೆ ಫಾದರರು ಉಪದೇಶಕ್ಕೆ ನಿಂತರೆ ಒಂದೊಂದು ಅಕ್ಷರವೂ ಸ್ವಚ್ಛ! ಅವರು ಇಷ್ಟು ಚೆನ್ನಾಗಿ ಮಾತನಾಡುತ್ತಾರೆಂದು ನಮಗೆ ತಿಳಿದದ್ದೇ ಆ ದಿನ.

“ಗುಡಿ ಭಾರೀ ಐತ್ರಿ, ಸ್ವಾಮಿಗೋಳ ಮಾತೂ ಭಾರೀ. ಮುಂದಿನ ವರ್ಷಾನೂ ಬರ್ತೇವ್ರಿ,” ಎಂದರು ಸಾವಕಾರರು. ಆಮೇಲೆ ನನ್ನನ್ನು ಬದಿಗೆ ಕರೆದು, “ಗಂಟಲಕ್ಕ ಏನಾಗೇತ್ರಿ? ಬೆಲ್ಲ ಕೊಟ್ಟು ಕಳಸ್ಲೇನು?” ಎಂದರು.

ಫಾದರರು ಹೆಗಲ ಮೇಲೆ ಕೈಯಿಟ್ಟು, “ತಟ್ಟು ಬೇಡ. ನೀವು ಹೀಗೇ ಜನರನ್ನು ಕರೆತನ್ನಿ, ಸಾಕು,” ಎಂದರು. ಛತ್ತು ಉಳಿಯಿತು. ನಾನು ಎದೆಯುಬ್ಬಿಸಿ ಮನೆ ಕಡೆ ಹೊರಟೆ.

“ಛತ್ತ ಉಳೀತಲ್ಲ, ಛಲೋ ಆತು. ಇಷ್ಟು ದಿನಾ ಹಾಡಿದ್ದು ನೀವಲ್ಲ, ಅದ ಅಂತ ಇವತ್ತ ಗೊತ್ತಾತು ನೋಡ್ರಿ,” ಎಂದಳು ಹೆಂಡತಿ.

ಈಗಲೂ ಮನೆಗೆ ಬಂದವರನ್ನು ಚರ್ಚು ತೋರಿಸಲು ಕರೆದೊಯ್ಯುತ್ತೇನೆ, ಒಳಗೆ ನಿಂತು ಒಂದು ಹಾಡನ್ನೂ ಹಾಡುತ್ತೇನೆ. ಆದರೆ ಒಬ್ಬೊಬ್ಬರನ್ನೇ ಕರೆದೊಯ್ಯುತ್ತೇನೆ.