ಕೆಂಪು ಗುಂಡಿಯ ಸಾಮ್ರಾಟ

ಹೊಸ ಆಲ್ಬಮ್ಮಿನ ಕವರಿನ ಹಿಂಭಾಗದಲ್ಲಿ ಸ್ಟುಡಿಯೋದ ನಾಯಿಯ ಹೆಸರಿತ್ತು, ದೊಡ್ಡಳಿಯನ ಹೆಸರಿರಲಿಲ್ಲ. ಆ ದಿನದ ರಾದ್ಧಾಂತಕ್ಕೆಲ್ಲ ಇದೇ ಮೂಲ.

ಹಲ್ಲುಜ್ಜುತ್ತಲೇ ಅವನು ಅದನ್ನು ಮತ್ತೆ ಮತ್ತೆ ಓದಿದ. ಧನ್ಯವಾದದ ಸಾಲಿನಲ್ಲಿ ಚಹಾ ತರುವವನಿದ್ದ, ಕಾರು ತೊಳೆಯುವವನಿದ್ದ, ನಾಯಿ ಇತ್ತು, ಕೊನೆಗೆ 'ಹಾಗೂ ನೆಂಟರಿಷ್ಟರಿಗೆ' ಎಂದಿತ್ತು. ಆ ನೆಂಟರಿಷ್ಟರ ರಾಶಿಯ ತಳದಲ್ಲಿ ತಾನೂ ಎಲ್ಲೋ ಬಿದ್ದಿರಬೇಕು ಎಂದು ಅಂದಾಜು ಮಾಡಿದ. ಮುಂಭಾಗದಲ್ಲಿ ಮಾತ್ರ ಚಿಕ್ಕಳಿಯ ಕಪ್ಪು ಕನ್ನಡಕ ಹಾಕಿಕೊಂಡು ಕವರಿನ ತುಂಬ ನಗುತ್ತಿದ್ದ.

"ನೋಡಿದ್ಯೇನೇ? ನಾಯಿಗೆ ಹೆಸರಿದೆ! ಒಂದು ಹಾಡಿಗಾದ್ರೂ ಅದು ಬಾಲ ಅಲ್ಲಾಡಿಸಿದ್ದನ್ನ ನಾನು ಕಂಡಿಲ್ಲ."

"ಎದ್ದ ತಕ್ಷಣ ಶುರು ಮಾಡಿದ್ರಾ?" ಎಂದಳು ಹೆಂಡತಿ. "ಮೊದ್ಲು ನೊರೆ ಉಗುಳಿ, ಆಮೇಲೆ ಮಾತಾಡಿ. ನನ್ನ ತಂಗಿ ಗಂಡ ಹೆಸರು ಮಾಡಿದ್ರೆ ನಿಮಗ್ಯಾಕ್ರೀ ಹೊಟ್ಟೆ ಉರಿ?"

ಬರೀ ಹೊಟ್ಟೆ ಉರಿದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ದೊಡ್ಡಳಿಯನಿಗೆ ಅಡಿಯಿಂದ ಮುಡಿಯವರೆಗೆ ಉರಿಯುತ್ತಿತ್ತು.

ಉರಿಯದೆ ಇರುವುದಾದರೂ ಹೇಗೆ? ಅವನ ಅತ್ತೆಗೆ ಇಬ್ಬರು ಅಳಿಯಂದಿರು. ದೊಡ್ಡಳಿಯ ಹಾಡು ಮುದ್ರಿಸುವ ಸ್ಟುಡಿಯೋದಲ್ಲಿ ಎಂಜಿನಿಯರ್. ದನಿಗಳನ್ನು ಹದವಾಗಿ ಬೆರೆಸುವುದು ಅವನ ಕೆಲಸ. ಚಿಕ್ಕಳಿಯ ಮದುವೆಯಾದ ಹೊಸದರಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ. ಅತ್ತೆಯ ಕಣ್ಣೀರು ನೋಡಲಾರದೆ ಅವನನ್ನು ಕೇಬಲ್ ಸುತ್ತುವ ಕೆಲಸಕ್ಕೆ ಸೇರಿಸಿದವನು ಇದೇ ದೊಡ್ಡಳಿಯ. ಪುಣ್ಯಾತ್ಮ ಸುಮ್ಮನೆ ಕೇಬಲ್ ಸುತ್ತಿಕೊಂಡಿದ್ದನೇ? ಮಿಕ್ಸಿಂಗ್ ಮೇಜಿನ ಮೇಲೆ ಯಾವ ಗುಂಡಿ ಕಂಡರೂ ತಿರುಗಿಸುವ ಚಟ ಅವನಿಗೆ. ಕಾಟ ತಾಳಲಾರದೆ ದೊಡ್ಡಳಿಯ ಒಂದು ದಿನ ಮೇಜಿನ ಮೂಲೆಯಲ್ಲಿ ತೂತು ಕೊರೆದು ದೊಡ್ಡದೊಂದು ಕೆಂಪು ಗುಂಡಿ ಕೂರಿಸಿದ. ಅದಕ್ಕೆ ವೈರೇ ಇರಲಿಲ್ಲ. "ಇದು ಹಾಡಿನ ಜೀವದ ಗುಂಡಿ. ಇದೊಂದನ್ನ ನೀನು ನೋಡ್ಕೊ, ಬೇರೆ ಯಾವುದನ್ನೂ ಮುಟ್ಟಬೇಡ" ಎಂದ. ಅಳುವ ಮಗುವಿನ ಕೈಗೆ ಚಮಚ ಕೊಟ್ಟು ಕೂರಿಸುವ ಹಾಗೆ ಕೂರಿಸಿದ್ದ, ಅಷ್ಟೆ.

ಚಿಕ್ಕಳಿಯ ಕಣ್ಣು ಮುಚ್ಚಿ, ಗುಂಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ, "ಬಂತು! ಈಗ ಬಂತು ನೋಡಿ!" ಎಂದು ಕೂಗಿದ. ಗಾಜಿನಾಚೆ ಹಾಡುತ್ತಿದ್ದ ಹುಡುಗಿ ಅವನ ಮುಖ ನೋಡಿ, ಏನೋ ಬಂದೇಬಿಟ್ಟಿದೆ ಎಂದುಕೊಂಡು, ಜೀವ ತುಂಬಿ ಹಾಡಿದಳು. ಆ ಹಾಡು ಆಟೋದಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ನೋಡಿದರೂ ಅದೇ ಆಯಿತು. ಮುಂದಿನ ಹಾಡಿಗೂ ಅವನನ್ನೇ ಕೂರಿಸಿದರು. ಕೆಲವೇ ವರ್ಷಗಳಲ್ಲಿ ಅವನು ಪ್ರೊಡ್ಯೂಸರ್ ಎನಿಸಿಕೊಂಡು ಪಾಪ್ ಸಾಮ್ರಾಟನಾದ. ಕಂಪನಿ ಮನೆ ಕೊಟ್ಟಿತು, ಕಾರು ಕೊಟ್ಟಿತು. ಹುಡುಗಿ ಪಕ್ಕದ ಬೀದಿಯವಳಾದರೂ ಕೋಗಿಲೆ ಎಂದು ಹೆಸರಾದಳು. ಹದ ಮಾಡಿದ ದೊಡ್ಡಳಿಯ ಮಾತ್ರ, ಮನೆಯಲ್ಲಿ "ಏನಯ್ಯಾ" ಎನ್ನುವವನನ್ನು ಸ್ಟುಡಿಯೋದಲ್ಲಿ "ಸಾರ್" ಎನ್ನುತ್ತ ಅಲ್ಲೇ ಉಳಿದ.

ಇವತ್ತು ನಾಯಿಯ ಹೆಸರು ನೋಡಿದ ಮೇಲೆ ಅವನು ನಿರ್ಧಾರ ಮಾಡಿದ. ಮಧ್ಯಾಹ್ನ ಟೀವಿಯವರು ಸ್ಟುಡಿಯೋಗೆ ಬಂದು ಸಾಮ್ರಾಟರ ಕೆಲಸವನ್ನು ನೇರಪ್ರಸಾರ ಮಾಡುವವರಿದ್ದರು. ಗುಂಡಿಯ ನಟ್ಟು ಸಡಿಲ ಮಾಡಿಟ್ಟರೆ ಸಾಕು, ಎಲ್ಲರೆದುರಿಗೆ ಕಿತ್ತು ಕೈಗೆ ಬರುತ್ತದೆ. ಹಾಡು ಮಾಡುತ್ತಿದ್ದವರು ಯಾರೆಂದು ಲೋಕಕ್ಕೂ ಗೊತ್ತಾಗಲಿ, ಅದಕ್ಕಿಂತ ಮುಖ್ಯವಾಗಿ ಈ ಮನೆಯವರಿಗೆ ಗೊತ್ತಾಗಲಿ. ದೊಡ್ಡಳಿಯ ಎಂದು ಕರೆದರೆ ಸಾಲದು, ದೊಡ್ಡವನು ಎಂದು ಒಪ್ಪಬೇಕು.

ಸ್ಕ್ರೂಡ್ರೈವರ್ ಜೇಬಿಗಿಳಿಸಿ ಹೊರಡುವಷ್ಟರಲ್ಲಿ ಮೇಲ್ಮನೆಯಾಕೆ ಮಿಕ್ಸಿ ಜಾರು ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಎಂಜಿನಿಯರ್ರೇ, ಇದು ತಿರುಗ್ತಾನೇ ಇಲ್ಲ. ಮಿಕ್ಸಿಂಗ್ ಕೆಲಸ ನಿಮ್ದೇ ಅಲ್ವಾ?"

"ಅದು ಬೇರೆ ಮಿಕ್ಸಿಂಗ್ ಅಮ್ಮಾ."

"ಹೌದಾ? ಹಾಗಿದ್ರೆ ನಿಮ್ಮ ಷಡ್ಡಕರನ್ನ ಕೇಳ್ತೀನಿ ಬಿಡಿ. ಅವರ ಕೈಗುಣ ದೊಡ್ಡದು."

ದೊಡ್ಡಳಿಯ ಹಲ್ಲು ಕಚ್ಚಿದ. ಅಷ್ಟರಲ್ಲಿ ಅತ್ತೆ ಒಳ್ಳೆಯ ಸೀರೆ ಉಟ್ಟು, ಚೀಲ ಹಿಡಿದು, ಚಪ್ಪಲಿ ಮೆಟ್ಟಿ ಸಿದ್ಧವಾಗಿ ನಿಂತರು. ಮಾವ ತೀರಿಕೊಂಡ ಮೇಲೆ ಅವರಿದ್ದದ್ದು ದೊಡ್ಡಳಿಯನ ಮನೆಯಲ್ಲೇ, ಹೊಗಳುತ್ತಿದ್ದದ್ದು ಚಿಕ್ಕಳಿಯನನ್ನು. ಕಿವಿ ಕೇಳದೆ ವರ್ಷಗಳಾಗಿದ್ದವು. ಅದು ಹೊರಗಿನವರಿಗೆ ಗೊತ್ತಾಗಬಾರದೆಂದು, ಯಾರು ಏನು ಹೇಳಿದರೂ ಮುಗುಳ್ನಗುತ್ತ ತಲೆದೂಗುವುದನ್ನು ರೂಢಿ ಮಾಡಿಕೊಂಡಿದ್ದರು.

"ಚಿಕ್ಕಳಿಯಂದ್ರು ಟೀವೀಲಿ ಬರೋದನ್ನ ಎದುರಿಗೇ ನೋಡ್ಬೇಕು. ಕರ್ಕೊಂಡು ಹೋಗಿ" ಎಂದರು.

"ಅತ್ತೆ, ಅಲ್ಲಿ ಜಾಗ ಇರಲ್ಲ!" ಎಂದು ಅವನು ಕಿರುಚಿದ.

"ಹೂಂ, ನಡೀರಿ" ಎಂದು ಅತ್ತೆ ಮುಗುಳ್ನಗುತ್ತ ಮೆಟ್ಟಿಲಿಳಿದೇ ಬಿಟ್ಟರು.

ಸ್ಟುಡಿಯೋದಲ್ಲಿ ಅತ್ತೆಯನ್ನು ಮೇಜಿನ ಹಿಂದಿನ ಸೋಫಾದಲ್ಲಿ ಕೂರಿಸಿ, ಯಾರೂ ಇಲ್ಲದ ಹೊತ್ತು ನೋಡಿ, ದೊಡ್ಡಳಿಯ ಮೇಜಿನಡಿ ನುಸುಳಿ ನಟ್ಟು ಸಡಿಲಿಸಿದ. ಎದ್ದೇಳುವಾಗ ತಲೆ ಫಟ್ಟೆಂದು ಬಡಿಯಿತು. ಆ ನೋವೂ ಸಿಹಿಯಾಗಿತ್ತು.

ಮಧ್ಯಾಹ್ನ ಕ್ಯಾಮೆರಾ ಬಂತು, ದೀಪಗಳು ಬಂದವು, ಮೈಕು ಹಿಡಿದ ಟೀವಿ ಹುಡುಗಿ ಬಂದಳು, ಕಂಪನಿ ಯಜಮಾನರು ಬಂದರು. ಕೋಗಿಲೆ ಗಾಜಿನಾಚೆಯ ಕೋಣೆಯಲ್ಲಿ ನಿಂತಳು. ಕೊನೆಗೆ ಸಾಮ್ರಾಟ ಕಪ್ಪು ಕನ್ನಡಕದಲ್ಲಿ ದಯಮಾಡಿಸಿದ. ಬಂದವನೇ ಜೇಬಿನಿಂದ ಕರವಸ್ತ್ರ ತೆಗೆದು ಕೆಂಪು ಗುಂಡಿಯ ಮೇಲೆ ಮುಚ್ಚಿಬಿಟ್ಟ. ದೊಡ್ಡಳಿಯ ಓಡಿಬಂದು ಅವನ ಪಕ್ಕ ನಿಂತ.

"ಸಾರ್, ಗುಂಡಿ..."

"ಇವತ್ತು ಬೇಡ ಭಾವ" ಎಂದು ಚಿಕ್ಕಳಿಯ ಕಿವಿಯಲ್ಲಿ ಪಿಸುಗುಟ್ಟಿದ. "ಟೀವಿಯವರು ನೋಡ್ಕೊಂಡು ಹೋಗಿ ಇಂಥದ್ದೇ ಇನ್ನೊಂದು ಮಾಡ್ಕೊಂಡ್ರೆ? ವಿದ್ಯೆ ನಮ್ಮನೇಲೇ ಉಳೀಲಿ."

ಹಾಡು ಶುರುವಾಯಿತು. ಚಿಕ್ಕಳಿಯ ಕೈಕಟ್ಟಿ ಕೂತ. ದೊಡ್ಡಳಿಯ ಗಡಿಯಾರ ನೋಡಿದ. ಹಾಡು ಮುಗಿದರೆ ಪ್ರಸಾರವೂ ಮುಗಿಯುತ್ತದೆ, ಮತ್ತೆ ಇಂಥ ದಿನ ಯಾವಾಗ ಬಂದೀತು?

"ಸಾರ್, ಹಾಡಿಗೆ ಜೀವ ಇಲ್ಲ" ಎಂದ ಅವನು, ಇಷ್ಟು ವರ್ಷ ನುಂಗಿದ್ದನ್ನೆಲ್ಲ ಇನ್ನೊಮ್ಮೆ ನುಂಗಿಕೊಂಡು. "ನಮ್ಮಂಥೋರ ಕೈಲಿ ಆಗಲ್ಲ. ನೀವೇ ಸ್ವಲ್ಪ ತಿರುಗಿಸಿದ್ರೆ..."

ಚಿಕ್ಕಳಿಯ ಕನ್ನಡಕ ತೆಗೆದು ಅವನನ್ನು ನೋಡಿದ. ಕಣ್ಣಲ್ಲಿ ನೀರಿತ್ತು. "ಭಾವ, ಕೊನೆಗೂ ನಿಮಗೂ ಕೇಳಿಸ್ತಾ?" ಎಂದ. ಒಂದು ಗಳಿಗೆ ದೊಡ್ಡಳಿಯನಿಗೆ ಪಾಪ ಅನ್ನಿಸಿತು. ತಕ್ಷಣ ನಾಯಿಯನ್ನು ನೆನೆದುಕೊಂಡ, ಸರಿಹೋಯಿತು.

ಚಿಕ್ಕಳಿಯ ಕರವಸ್ತ್ರ ಸರಿಸಿ, ಕಣ್ಣು ಮುಚ್ಚಿ, ಗುಂಡಿ ತಿರುಗಿಸಿ "ಬಂತು!" ಎಂದ. ಬಂದೇ ಬಂತು, ಬುಡಸಮೇತ ಕೈಗೆ. ಕ್ಯಾಮೆರಾದವನು ಹತ್ತಿರ ಬಂದು ತೂತಿನೊಳಗೆ ದೀಪ ಬಿಟ್ಟ. "ಇದಕ್ಕೆ ವೈರೇ ಇಲ್ಲ!" ಎಂದು ಟೀವಿ ಹುಡುಗಿ ಕೂಗಿದಳು.

ದೊಡ್ಡಳಿಯ ಎದೆಯುಬ್ಬಿಸಿ ಮುಂದೆ ಬಂದ. "ಯಾವತ್ತೂ ಇರಲಿಲ್ಲ ಸ್ವಾಮೀ. ಮೊದಲ ಹಾಡಿಂದಲೂ ಇರಲಿಲ್ಲ."

ಯಜಮಾನರ ಮುಖ ಕೆಂಪಗಾಯಿತು. ಆದರೆ ಅವರು ತಿರುಗಿದ್ದು ದೊಡ್ಡಳಿಯನ ಕಡೆಗೆ.

"ಏನ್ರೀ ಎಂಜಿನಿಯರ್ರೇ! ವೈರಿಲ್ಲದೇನೇ ಇಷ್ಟು ಹಿಟ್ ಕೊಟ್ಟಿದಾನಲ್ರೀ ಮಹಾನುಭಾವ! ವೈರಿದ್ದಿದ್ರೆ ನಾವೆಲ್ಲಿಗೆ ಹೋಗ್ತಿದ್ವಿ? ಅದೊಂದು ವೈರು ಹಾಕೋಕೆ ನಿಮಗೆ ಇಷ್ಟು ವರ್ಷ ಪುರುಸೊತ್ತಾಗಲಿಲ್ವಾ? ಹಾಕ್ರೀ ಮೊದ್ಲು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸೋಫಾದಿಂದ ಅತ್ತೆಯೂ ತಟ್ಟಿದರು. ದೊಡ್ಡಳಿಯ ಮತ್ತೆ ಮೇಜಿನಡಿ ಸೇರಿದ. ಕಣ್ಣಲ್ಲಿ ನೀರು ತುಂಬಿ ಯಾವ ವೈರು ಎಲ್ಲಿಯದೆಂದು ಕಾಣುತ್ತಿರಲಿಲ್ಲ. ಒರೆಸಿಕೊಂಡು ನೋಡಿದಾಗ ಕಂಡದ್ದು ಗಾಯಕಿಯ ದನಿಯನ್ನು ಏರಿಸಿ ಇಳಿಸುವ ಯಂತ್ರದ ವೈರು. ಅವನು ಕೆಟ್ಟವನಲ್ಲ, ಆದರೂ ಬೇರೆ ವೈರು ಹುಡುಕುವ ಗೋಜಿಗೆ ಹೋಗಲಿಲ್ಲ. ಅದನ್ನೇ ಸಿಕ್ಕಿಸಿದ.

ಮತ್ತೆ ಹಾಡು ಶುರುವಾಯಿತು. ಚಿಕ್ಕಳಿಯ ಕಣ್ಣು ಮುಚ್ಚಿ ತಿರುಗಿಸಿದ. ಕೋಗಿಲೆಯ ದನಿ ಸೊಳ್ಳೆಯಂತೆ ಗುಂಯ್ ಎಂದಿತು. "ಆಹಾ!" ಎಂದ ಸಾಮ್ರಾಟ. ಈ ಕಡೆ ತಿರುಗಿಸಿದ. ಸೊಳ್ಳೆ ಹೋಗಿ ಎಮ್ಮೆ ಬಂತು. "ಬಂತು! ಇದಪ್ಪಾ ಹಾಡು ಅಂದ್ರೆ! ಈಗ ಬಂತು!" ಎಂದು ತಲೆದೂಗುತ್ತ ಕಣ್ಣು ತೆರೆಯದೆ ಕೂಗಿದ. ನೇರಪ್ರಸಾರದಲ್ಲಿ ಅದನ್ನು ನೋಡದವರೇ ಇರಲಿಲ್ಲ. ಕಣ್ಣು ಬಿಟ್ಟಾಗ ಟೀವಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು, ಕೋಗಿಲೆ ಗಾಜಿನಾಚೆ ಅಳುತ್ತಿದ್ದಳು.

"ಕಿವಿ ಇದೆಯೇನ್ರೀ ನಿಮಗೆ?" ಎಂದರು ಯಜಮಾನರು ಸಾಮ್ರಾಟನಿಗೆ, ಅದೂ ತಣ್ಣಗೆ. ಅಷ್ಟೇ. ವರ್ಷಗಟ್ಟಲೆ ಏರಿದ್ದವನು ಒಂದು ಮಾತಿಗೆ ಇಳಿದುಬಿಟ್ಟ. ಕಾರಿನ ಕೀಲಿ ಕೈಯಿಂದ ಹೋಯಿತು, ಮನೆಯ ಕೀಲಿಯನ್ನು ಸಂಜೆಯೊಳಗೆ ತಂದುಕೊಡು ಎಂದರು. ಚಿಕ್ಕಳಿಯ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ಹೊರಗೆ ನಡೆದ.

"ಹಾಡು ಇವತ್ತೇ ಮುಗೀಬೇಕು. ಎಂಜಿನಿಯರ್ರೇ, ನೀವೇ ಕೂತ್ಕೊಳ್ಳಿ, ನೋಡೋಣ" ಎಂದ ಯಜಮಾನರು ಕೋಗಿಲೆಯನ್ನು ಸಮಾಧಾನ ಮಾಡಲು ಗಾಜಿನಾಚೆ ಹೋಗಿ ಅವಳ ಪಕ್ಕದಲ್ಲೇ ನಿಂತರು.

ಆ ಕುರ್ಚಿ! ದೊಡ್ಡಳಿಯ ಹಗುರವಾಗಿ ಕೂತ, ಎಲ್ಲಿ ಮುರಿದೀತೋ ಎಂಬಂತೆ. ಕೋಗಿಲೆ ಹಾಡಿದಳು. ಸಪ್ಪೆ. ಇನ್ನೊಮ್ಮೆ ಹಾಡಿದಳು. ಇನ್ನೂ ಸಪ್ಪೆ. "ಬಂತು ಅಂತ ಯಾರೂ ಅನ್ನಲ್ವಾ?" ಎಂದು ಮೂಗೆಳೆದಳು. ದೊಡ್ಡಳಿಯ ಕಣ್ಣು ಮುಚ್ಚಿ "ಬಂತು" ಎಂದ. ಹಲ್ಲುನೋವು ಬಂದವನ ಹಾಗೆ ಕಾಣಿಸಿರಬೇಕು, ಅವಳ ದನಿಯೇ ನಡುಗಿತು. ಅವನು ಪಟ್ಟು ಬಿಡದೆ ತಲೆ ತಗ್ಗಿಸಿ ಗುಂಡಿಗಳನ್ನು ಹದ ಮಾಡುತ್ತ ಹೋದ. ಆಮೇಲೆ ಇದ್ದಕ್ಕಿದ್ದ ಹಾಗೆ ಅವಳ ದನಿ ಅರಳಿಕೊಂಡಿತು. ಅವನು ಹೆದರಿ ತಲೆ ಎತ್ತಿದ. ಅವಳು ನಗುನಗುತ್ತ, ಕಣ್ಣರಳಿಸಿ, ಅವನತ್ತಲೇ ನೋಡುತ್ತ, ಹಿಂದೆಂದೂ ಹಾಡದ ಹಾಗೆ ಹಾಡುತ್ತಿದ್ದಳು. ಹಾಡು ಮುಗಿದಾಗ ಯಜಮಾನರು ಗಾಜಿನಾಚೆಯಿಂದ ಹೆಬ್ಬೆರಳೆತ್ತಿದರು. "ಸಂಜೆ ಫೋನ್ ಮಾಡ್ತೀನಿ. ದೊಡ್ಡ ವಿಷಯ ಮಾತಾಡೋದಿದೆ" ಎಂದರು.

ದೊಡ್ಡಳಿಯನ ಕಾಲು ನೆಲದ ಮೇಲಿರಲಿಲ್ಲ. ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಪ್ಪು ಕನ್ನಡಕ ಆರಿಸಿದ.

ಮನೆಯ ಬಾಗಿಲಲ್ಲಿ ಸೂಟ್‌ಕೇಸುಗಳಿದ್ದವು. ನಾದಿನಿ ಅಕ್ಕನ ಹೆಗಲ ಮೇಲೆ ಅಳುತ್ತಿದ್ದಳು. ಚಿಕ್ಕಳಿಯ ಗೋಡೆಗೊರಗಿ ಕೂತಿದ್ದ. ಮೇಲ್ಮನೆಯಾಕೆ ಅವನಿಗೆ ಬಿಸಿ ಹಾಲು ತಂದಿದ್ದಳು. "ಅಯ್ಯೋ ಪಾಪ, ಎಂಥಾ ಮನುಷ್ಯರಿಗೆ ಎಂಥಾ ಗತಿ! ಯಾರೋ ಆಗದವರು ತಪ್ಪು ವೈರು ಹಾಕಿದಾರಂತೆ" ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದಳು. ಬಿದ್ದ ಮೇಲೂ ಜನ ಅವನ ಸುತ್ತಲೇ ಸೇರಿದ್ದು ಕಂಡು ದೊಡ್ಡಳಿಯನಿಗೆ ಕಸಿವಿಸಿಯಾಯಿತು.

"ನಮ್ಮ ಕೋಣೆ ಅವರಿಗೆ ಬಿಟ್ಟುಕೊಟ್ಟಿದೀನಿ ಕಣ್ರೀ. ನೀವು ಹಜಾರದಲ್ಲಿ ಮಲಗಿ" ಎಂದಳು ಹೆಂಡತಿ.

"ಆಗಲಿ ಬಿಡು" ಎಂದ ಅವನು ಉದಾರವಾಗಿ. ನಾಳೆ ಕಂಪನಿ ಮನೆ ತನ್ನದೇ ಅಲ್ಲವೇ?

ಫೋನು ಬಡಿದುಕೊಂಡಿತು. ಅವನು ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ ಎತ್ತಿದ.

"ಎಂಜಿನಿಯರ್ರೇ, ಸಾಮ್ರಾಟನ ಜಾಗಕ್ಕೆ ಜನ ಸಿಕ್ರು" ಎಂದರು ಯಜಮಾನರು. "ನಾನು ಕಣ್ಣಾರೆ ನೋಡಿದೆ. ಆ ತಲೆದೂಗೋದೇನು, ಆ ಮುಖದಲ್ಲಿ ಆನಂದ ಏನು! ಅದನ್ನ ನೋಡ್ಕೊಂಡೇ ಹುಡುಗಿ ಅಷ್ಟು ಚೆನ್ನಾಗಿ ಹಾಡಿದ್ದು."

"ತಮ್ಮ ದೊಡ್ಡ ಮನಸ್ಸು ಸಾರ್."

"ನಿಮ್ಮ ಹಿಂದೆ ಸೋಫಾದಲ್ಲಿ ಕೂತಿದ್ರಲ್ಲ, ನಿಮ್ಮ ಅತ್ತೆಯೋರಂತೆ? ನಾಳೆಯಿಂದ ಪ್ರೊಡ್ಯೂಸರ್ ಅವರೇ. ಎಂಥಾ ಕಿವಿ ರೀ ಆ ತಾಯಿದು!"

ದೊಡ್ಡಳಿಯ ಫೋನಿನೊಳಗೆ ಕಿರುಚಿದ. "ಸಾರ್, ಅವರಿಗೆ ಕಿವಿನೇ ಕೇಳಲ್ಲ!"

ಯಜಮಾನರು ಬೇಸರದಿಂದ, "ಮಧ್ಯಾಹ್ನ ಷಡ್ಡಕ, ಈಗ ಅತ್ತೇನಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇನ್ರೀ? ಹೋಗಿ ಅವರಿಗೆ ವಿಷಯ ತಿಳಿಸಿ" ಎಂದು ಫೋನಿಟ್ಟರು.

ತಿಳಿಸುವುದೆಂದರೆ ಕೂಗಬೇಕು. ಅವನು ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿದ. ಅತ್ತೆ "ಹೂಂ" ಎಂದು ನಕ್ಕರು. ಇನ್ನೂ ಜೋರಾಗಿ ಕೂಗಿದ. ಅತ್ತೆಗೆ ಅರ್ಥವಾಗುವಷ್ಟರಲ್ಲಿ ಇಡೀ ಬೀದಿಗೆ ಅರ್ಥವಾಗಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಹೆಂಡತಿ, ನಾದಿನಿ ಅಮ್ಮನನ್ನು ತಬ್ಬಿಕೊಂಡರು.

ಅತ್ತೆ ಸೆರಗು ಸರಿಮಾಡಿಕೊಂಡು ಇಬ್ಬರು ಅಳಿಯಂದಿರನ್ನೂ ನೋಡಿದರು. "ನಂಗೆ ಈ ಕೆಲಸದ ಗಂಧಗಾಳಿ ಇಲ್ಲ. ಪಕ್ಕದಲ್ಲಿ ತಿಳಿದೋರು ಒಬ್ಬರು ಬೇಕು" ಎಂದರು.

ದೊಡ್ಡಳಿಯ ಒಂದು ಹೆಜ್ಜೆ ಮುಂದೆ ಬಂದ.

"ಚಿಕ್ಕಳಿಯಂದ್ರು ನನ್ನ ಸಹಾಯಕ್ಕಿರಲಿ" ಎಂದರು ಅತ್ತೆ. "ದೊಡ್ಡಳಿಯಂದ್ರೇ, ನೀವು ನಾವಿಬ್ರೂ ಹೇಳಿದ ಹಾಗೆ ಮಾಡ್ಕೊಂಡು ಹೋಗಿ, ಸಾಕು."

ಬೆಳಿಗ್ಗೆ ಅವನ ಮೇಲೆ ಒಬ್ಬನಿದ್ದ, ಸಂಜೆಗೆ ಇಬ್ಬರಾದರು. ದೊಡ್ಡಳಿಯ ದಿಂಬು ಎತ್ತಿಕೊಂಡು ಹಜಾರಕ್ಕೆ ಹೋದ.