ಪ್ರೇಮಿಗಳ ದಿನಕ್ಕೆ ಕುಸುಬಿ ಹುಗ್ಗಿ

ನಮ್ಮ ಸೋದರಮಾವನಿಗೆ ತಾರೀಖು ಗೊತ್ತಿಲ್ಲ ಅಂದರೆ ನೀವು ನಂಬುವುದಿಲ್ಲ. ಓದು ಬರದವನಲ್ಲ. ಭೀಮರಾಯನಗುಡಿಯ ಕಾಲುವೆ ಆಫೀಸಿನಲ್ಲಿ ಕ್ಲಾರ್ಕನಾಗಿ ಜನ್ಮವಿಡೀ ಕಾಗದಗಳ ಮೇಲೆ ತಾರೀಖು ಹಾಕಿಯೇ ನಿವೃತ್ತನಾದವನು. ಆದರೆ ಆಫೀಸಿನ ಬಾಗಿಲು ದಾಟಿದನೋ, ಅವನ ವರ್ಷ ನಡೆಯುವುದು ಸಿಹಿತಿಂಡಿಯ ಮೇಲೆ. ನಾಗರ ಪಂಚಮಿ ಅವನಿಗೆ ಉಂಡಿ ಹಬ್ಬ, ಗಣೇಶ ಚೌತಿ ಕಡಬಿನ ಹಬ್ಬ, ದೀಪಾವಳಿ ಕರ್ಚಿಕಾಯಿ, ರಂಜಾನ್ ಸುರಕುಂಬಾ. ಶಾಲೆಯಲ್ಲಿ ಧ್ವಜ ಏರಿಸಿ ಬೂಂದಿ ಹಂಚುವ ದಿನಗಳು ವರ್ಷಕ್ಕೆ ಎರಡು ಬರುತ್ತವಲ್ಲ, ಅದಕ್ಕೂ ದಾರಿ ಹುಡುಕಿದ್ದಾನೆ. ಆಗಸ್ಟಿನದು ಮಳಿ ಬೂಂದಿ, ಜನವರಿಯದು ಚಳಿ ಬೂಂದಿ!

ಒಮ್ಮೆ ಯಾದಗಿರಿ ಸ್ಟೇಷನ್ನಿನಲ್ಲಿ ಟಿಕೆಟ್ ಮಾಡಿಸಲು ನಾನೂ ಜೊತೆಗಿದ್ದೆ. ಕಿಂಡಿಯೊಳಗಿನವರು ಯಾವತ್ತಿಗೆ ಬೇಕು ಅಂತ ಕೇಳಿದರು. ಮಾಮಾ ಗಂಭೀರವಾಗಿ, "ಕಡಬಿನ ಮರುದಿನಕ್ಕ ಕೊಡ್ರಿ" ಅಂದ. ಅವರು ಬೇರೆ ರಾಜ್ಯದವರು, ಪಾಪ, ಕಂಪ್ಯೂಟರಿನಲ್ಲಿ ಆ ಹೆಸರಿನ ಸ್ಟೇಷನ್ ಹುಡುಕತೊಡಗಿದರು. ಸಾಲಿನಲ್ಲಿ ಹಿಂದೆ ನಿಂತಿದ್ದ ಪುಣ್ಯಾತ್ಮನೊಬ್ಬ ತಾರೀಖು ಹೇಳಿ ನಮ್ಮನ್ನು ಬಿಡಿಸಿದ.

ಇಂಥವನ ಕೈಗೆ ಹೋದ ವರ್ಷ ಪ್ರೇಮಿಗಳ ದಿನ ಸಿಕ್ಕಿತು.

ನಾನೂ ನನ್ನ ಗಂಡನೂ ಶಹಾಪುರದಲ್ಲಿ ಮಾಸ್ತರಿಕೆ ಮಾಡುವವರು. ನಮ್ಮವರಿಗೂ ಪ್ರೇಮ ಪ್ರದರ್ಶನಕ್ಕೂ ಎಣ್ಣೆ ಸೀಗೆಕಾಯಿ. ಆದರೂ ಸ್ಟಾಫ್ ರೂಮಿನಲ್ಲಿ ಯಾರೋ ಕಾಲೆಳೆದರೆಂದು ಆ ಸಂಜೆ ಹೃದಯದಾಕಾರದ ಚಾಕಲೇಟ್ ಡಬ್ಬಿ ತಂದು, ಕರೆಂಟ್ ಬಿಲ್ ಕೊಡುವ ಹಾಗೆ ನನ್ನ ಕೈಗೆ ಕೊಟ್ಟರು. ನಮ್ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ಮಾಮಾ ವಿಚಾರಣೆ ಶುರು ಮಾಡಿದ.

"ಯಾತರ ಹಬ್ಬ ಇದು?"

"ಪ್ರೇಮಿಗಳ ದಿನ ಮಾಮಾ. ಹೂ ಕೊಡ್ತಾರ, ಚಾಕಲೇಟ್ ಕೊಡ್ತಾರ."

"ಅದು ಅಂಗಡ್ಯಾಗಿನ ಮಾತಾತು. ಮನ್ಯಾಗ ಏನ್ ಮಾಡ್ತಾರ?"

"ಮನ್ಯಾಗ ಏನೂ ಮಾಡಂಗಿಲ್ಲ."

"ಒಲಿ ಹಚ್ಚಂಗಿಲ್ಲ ಅಂದ್ರ ಅದ್ಯಾವ ಹಬ್ಬ?" ಅಂದವನೇ ಒಂದು ಚಾಕಲೇಟ್ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿ ಚಪ್ಪರಿಸಿ ತೀರ್ಪು ಕೊಟ್ಟ: "ಕೆಮ್ಮಿನ ಔಷಧ ಗಟ್ಟಿ ಮಾಡ್ಯಾರ."

ಆ ರಾತ್ರಿ ಅವನು ಊಟ ಮಾಡಿದ್ದಕ್ಕಿಂತ ಯೋಚನೆ ಮಾಡಿದ್ದೇ ಹೆಚ್ಚು. ತಿಂಡಿಯಿಲ್ಲದ ಹಬ್ಬಕ್ಕೆ ಒಂದು ತಿಂಡಿ ಕಟ್ಟಲೇಬೇಕಲ್ಲ? ಹೋಳಿಗೆ ಆಗಲಿ ಅಂದೆ. "ಹೂರಣ ಕುದಿಸಿದ್ರ ಓಣಿಗೆಲ್ಲ ವಾಸನಿ ಹೋಗ್ತದ. ಇದು ಇಬ್ಬರ ಹಬ್ಬ." ಕರ್ಚಿಕಾಯಿ? "ತಿಂಗಳಗಟ್ಲೆ ಡಬ್ಬ್ಯಾಗ ಇಡೋದು. ಪ್ರೀತಿ ಡಬ್ಬ್ಯಾಗ ಇಡ್ತಾರೇನು?" ಶೇಂಗಾ ಉಂಡಿ? "ಅವರದು ಅವರು ತಿಂದು ಕೈ ತೊಳಕೋತಾರ. ಇಬ್ಬರು ಕೂಡಿ ಮಾಡಿ ಒಂದೇ ತಾಟನ್ಯಾಗ ತಿನ್ನೋದಿರಬೇಕು." ನನ್ನ ಗಂಡ ಮೆಲ್ಲಗೆ, ಹಾಗಾದರೆ ಉಪ್ಪಿಟ್ಟು ಅಂದರು. ಮಾಮಾ ಅವರನ್ನು ನೋಡಿದ ನೋಟದಲ್ಲಿ ನನ್ನ ಮದುವೆಯ ಬಗ್ಗೆಯೇ ಅನುಮಾನವಿತ್ತು. ಕೊನೆಗೆ ಏನೂ ತೀರ್ಮಾನವಾಗಲಿಲ್ಲ, ನಾವೂ ನಕ್ಕು ಮರೆತೆವು.

ಈ ವರ್ಷ ನಗುವ ಹಾಗಿರಲಿಲ್ಲ. ಚಳಿಗಾಲದಲ್ಲಿ ಅತ್ತೆ, ಅಂದರೆ ಮಾಮಾನ ಹೆಂಡತಿ, ಜ್ವರದಿಂದ ಮಲಗಿದಳು. ಜ್ವರವೇನೋ ಇಳಿಯಿತು, ಆದರೆ ಬಾಯಿರುಚಿಯನ್ನೂ ಕಟ್ಟಿಕೊಂಡು ಹೋಯಿತು. ರೋಗ ಏನೂ ಉಳಿದಿಲ್ಲ, ಊಟ ಮಾಡಿದರೆ ಎದ್ದು ಕೂರುತ್ತಾರೆ ಅಂತ ಡಾಕ್ಟರು ಹೇಳಿದರು. ಊಟ ಮಾಡಬೇಕಲ್ಲ? ಎರಡು ತುತ್ತಿಗೆ ತಾಟು ಸರಿಸುತ್ತಿದ್ದಳು. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ನಮ್ಮ ಅತ್ತೆ ಎಂಥ ಹೆಂಗಸು ಅಂತ ನಿಮಗೆ ಹೇಳಬೇಕು. ಅಡುಗೆಯಲ್ಲಿ ತಪ್ಪು ಹುಡುಕುವುದರಲ್ಲಿ ಇಡೀ ಬಳಗದಲ್ಲಿ ಅವಳದು ಎತ್ತಿದ ಕೈ. ಮದುವೆ ಮನೆಯ ಸಾಲಿನಲ್ಲಿ ಅವಳು ಕೂತಿದ್ದಾಳೆಂದರೆ ಬಡಿಸುವವರು ಇನ್ನೊಂದು ಸಾಲಿಗೆ ತಿರುಗುತ್ತಿದ್ದರು. ನನ್ನ ಮದುವೆಯಲ್ಲಿ ಅಕ್ಷತೆ ಹಾಕಲು ಬಂದವಳು ಕಿವಿಯಲ್ಲಿ ಹೇಳಿದ್ದು ಆಶೀರ್ವಾದವಲ್ಲ, "ಬೂಂದಿ ಪಾಕ ಏರ್ಯಾದ" ಅಂತ! ಅಂಥವಳು ಈಗ ಏನು ಕೊಟ್ಟರೂ "ಚಲೋ ಆಗ್ಯಾದ" ಅನ್ನತೊಡಗಿದ್ದಳು. ನಾನೊಂದು ದಿನ ಸಾರು ಮಾಡಿ ಒಯ್ದೆ. ಚಲೋ ಆಗ್ಯಾದವ್ವಾ ಅಂದಳು. ಜನ್ಮದಲ್ಲಿ ಮೊದಲ ಸಲ ಪಾಸಾದೆನೆಂದು ಹಿಗ್ಗಿ ಹೊರಟರೆ, ಮಾಮಾ ಗೇಟಿನವರೆಗೆ ಹಿಂದೆಯೇ ಬಂದ. ಮುಖ ಬಿಳಿಚಿಕೊಂಡಿತ್ತು.

"ನಿನ್ನ ಸಾರಿಗಿ ಉಪ್ಪೇ ಇರಲಿಲ್ಲವ್ವಾ. ಆದ್ರೂ ಚಲೋ ಅಂದಳು. ನನಗ ಅಂಜಿಕಿ ಬರಾಕತ್ಯಾದ."

ಫೆಬ್ರವರಿ ಶುರುವಾದಾಗ ಅವನದೇ ಫೋನು. "ಆ ಚಾಕಲೇಟಿನ ಹಬ್ಬ ಬಂತಲ್ಲ? ಅದಕ್ಕ ತಿಂಡಿ ಸಿಕ್ಕದ. ಕುಸುಬಿ ಹುಗ್ಗಿ." ಜ್ವರದ ಮಂಪರಿನಲ್ಲಿ ಅತ್ತೆ ತವರುಮನೆ ರಾಮಸಮುದ್ರದಲ್ಲಿ ತನ್ನವ್ವ ಮಾಡುತ್ತಿದ್ದ ಆ ಹುಗ್ಗಿಯ ಹೆಸರು ಹೇಳಿದ್ದಳಂತೆ. ಕುಸುಬಿ ಕಾಳು ನೆನೆಸಿ, ಅರೆದು, ಬಟ್ಟೆಯಲ್ಲಿ ಹಿಂಡಿದರೆ ಹಾಲು ಬರುತ್ತದೆ. ಅದರಲ್ಲಿ ಗೋಧಿ ನುಚ್ಚು, ಬೆಲ್ಲ ಹಾಕಿ ಕುದಿಸಬೇಕು. ಒಬ್ಬರು ಹಾಲು ಸುರಿಯಬೇಕು, ಇನ್ನೊಬ್ಬರು ಕೈಬಿಡದೆ ತಿರುವಬೇಕು. ಮಾಮಾ ಹೇಳಿದ ಇಬ್ಬರ ತಿಂಡಿ ಇದೇ.

ಆದರೆ ಕುಸುಬಿ ಎಲ್ಲಿದೆ? ಶಹಾಪುರ, ಸುರಪುರದ ಸುತ್ತ ಕಾಲುವೆ ನೀರು ಬಂದಲ್ಲೆಲ್ಲ ಒಣಭೂಮಿಯ ಈ ಬೆಳೆ ಹೋಗಿ ಭತ್ತ ನಿಂತಿದೆ. "ನೀರು ಬಿಡೋ ಕಾಗದಕ್ಕ ಠಸ್ಸಿ ಹೊಡದಾಂವ ನಾನೇ. ಕುಸುಬಿ ಓಡಿಸಿದಾಂವನೂ ನಾನೇ ಆದೆ" ಅಂತ ಮಾಮಾ ಹಲುಬಿದ. ಶಹಾಪುರದ ಕಿರಾಣಿ ಅಂಗಡಿಯಲ್ಲಿ ಕುಸುಬಿ ಎಣ್ಣೆಯ ಬಾಟಲಿ ತೋರಿಸಿದರು. ಸುರಪುರದ ಅಂಗಡಿಯವನು ಗಿಳಿಗೆ ಹಾಕುವ ಕುಸುಬಿ ಕಾಳಿನ ಹಳೆಯ ಪೊಟ್ಟಣವೊಂದನ್ನು ಕೊಡವಿ, "ಎಷ್ಟ್ ಗಿಳಿ ಸಾಕೀರಿ?" ಅಂತ ಕೇಳಿದ. ಮಾಮಾ ಒಂದೇ ಅಂದನಂತೆ, "ಅದೂ ಮಾತಾಡದು ಬಿಟ್ಟಾದ." ಮುಗ್ಗಿದ ಕಾಳೆಂದು ಅದನ್ನು ಅಲ್ಲೇ ಬಿಟ್ಟು ಬಂದ.

ಕಡೆಗೆ ಅಬ್ಬೆತುಮಕೂರಿನ ಮಠಕ್ಕೆ ಹೋಗುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ ರಾಮಸಮುದ್ರದ ಬಸ್ಸು ಹತ್ತಿದ. ಅಲ್ಲಿ ಜೋಳದ ಹೊಲದ ಅಂಚಿಗೆ, ದನ ನುಗ್ಗದಿರಲೆಂದು ಯಾರೋ ಹಾಕಿದ್ದ ಕುಸುಬಿ ಒಣಗಿ ನಿಂತಿತ್ತು. ಆ ಮುಳ್ಳಿನ ಗಿಡದಲ್ಲಿ ಕೈ ಹಾಕಿ, ಬಡಿದು, ಒಂದು ಚೀಲದಲ್ಲಿ ಕಾಳು ತಂದ. ಮನೆಗೆ ಬಂದಾಗ ಕೈತುಂಬ ತರಚು ಗಾಯ. ಹಿಂದಿನ ಅತ್ತೆಯಾಗಿದ್ದರೆ ಮಠದಲ್ಲಿ ಮುಳ್ಳೆಲ್ಲಿಂದ ಬಂತೆಂದು ಬೆವರಿಳಿಸುತ್ತಿದ್ದಳು. ಈಗ ಬರೀ ನೋಡಿ ಗೋಡೆಯ ಕಡೆ ಹೊರಳಿದಳು. ಬೈದಿದ್ದರೆ ಚೆನ್ನಾಗಿತ್ತು ಅಂತ ಮಾಮಾ ನನಗೆ ಹೇಳಿದ.

ಹಬ್ಬದ ದಿನ ಬೆಳಿಗ್ಗೆ ನಾನು ಭೀಮರಾಯನಗುಡಿಗೆ ಹೋದೆ. ಅಲ್ಲಿಯತನಕ ಚಹಾ ಕೂಡ ಕಾಸದ ಮಾಮಾ ತಲೆಗೆ ಟವೆಲ್ ಸುತ್ತಿ ಯುದ್ಧಕ್ಕೆ ನಿಂತಿದ್ದ. ಮಿಕ್ಸಿ ನನ್ನದು, ಹಿಂಡುವುದು ಅವನದು. ಹಿಂಡಲು ತನ್ನ ಹೊಸ ಪಂಚೆಯನ್ನೇ ಹರಿದಿದ್ದ! ಹಾಲು ಸುರಿದು ನಾನು ಏಲಕ್ಕಿ ಕುಟ್ಟಲು ಕೂತೆ, ಅವನು ಸೌಟು ಹಿಡಿದ. ಕೈ ನಿಲ್ಲಿಸಬೇಡ, ಹಾಲು ಒಡೆಯುತ್ತದೆ, ತಳ ಹಿಡಿಯುತ್ತದೆ ಅಂತ ಹೇಳಿದ್ದೆ. ಚೆನ್ನಾಗಿಯೇ ತಿರುವುತ್ತಿದ್ದ. ಅಷ್ಟರಲ್ಲಿ ಪಡಸಾಲೆಯಲ್ಲಿ ಅತ್ತೆ ಕೆಮ್ಮಿದಳು. ಸೌಟು ಬಿಟ್ಟು ಓಡಿದ. ನೀರು ಕುಡಿಸಿ, ಬೆನ್ನು ನೀವಿ ಬರುವಷ್ಟರಲ್ಲಿ ಸೀದ ವಾಸನೆ ಎದ್ದಿತ್ತು. ಏಲಕ್ಕಿ ಬಿಟ್ಟು ನಾನು ಎದ್ದದ್ದೂ ತಡವಾಗಿತ್ತು.

ಮಾಮಾನ ಮುಖ ನೋಡಲಾಗಲಿಲ್ಲ. ಮತ್ತೆ ಮಾಡಲು ಕಾಳು ಉಳಿದಿರಲಿಲ್ಲ. ಇದ್ದದ್ದನ್ನೇ ಒಂದು ತಾಟಿಗೆ ಹಾಕಿ ಅವಳ ಮುಂದೆ ಇಟ್ಟ.

"ಏನಿದು?" ಅಂದಳು ಅತ್ತೆ.

"ಹೊಸಾ ಹಬ್ಬ ಒಂದು ಬಂದಾದ. ಗಂಡ ಹೆಂಡ್ತಿದು."

ಅವಳು ಒಂದು ತುತ್ತು ಬಾಯಿಗಿಟ್ಟಳು. ನಾವಿಬ್ಬರೂ "ಚಲೋ ಆಗ್ಯಾದ" ಅನ್ನುವ ಆ ಎರಡು ಶಬ್ದಗಳಿಗೆ ಹೆದರಿ ನಿಂತಿದ್ದೆವು. ನಿಧಾನವಾಗಿ ಅಗಿದಳು. ಹುಬ್ಬು ಗಂಟಿಕ್ಕಿದಳು. ಎಷ್ಟೋ ದಿನಗಳ ಮೇಲೆ ನೇರವಾಗಿ ಮಾಮಾನ ಮುಖ ನೋಡಿದಳು.

"ತಳಾ ಹಿಡಿಸೀರಿ. ಒಲಿ ಮ್ಯಾಲ ಇಟ್ಟು ಕೈಬಿಟ್ಟು ಎಲ್ಲಿ ಹೋಗಿದ್ರಿ?"

ಮಾಮಾ ತರಚಿದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅವಳ ಮಂಚದ ಅಂಚಿಗೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ. ಅತ್ತೆ ಇನ್ನೊಂದು ತುತ್ತು ತಿಂದಳು, ಮತ್ತೊಂದು. ತಾಟು ಖಾಲಿಯಾದ ಮೇಲೆ ಅದನ್ನು ಅವನತ್ತ ಚಾಚಿದಳು.

"ಅಳೋದು ಆಮ್ಯಾಲ ಅಳ್ರಿ. ತಳ ಕೆದರದಂಗ ಮ್ಯಾಲಿಂದು ಇನ್ನೊಂದೀಟು ಹಾಕ್ಕೊಂಡು ಬರ್ರಿ."